ನೋಡುವವರು ಕಡಿಮೆಯಾದರು, ಬೆಲೆ ಮಾತ್ರ ಏರಿತು: ರೆಸ್ಲಿಂಗ್ ಪ್ರಸಾರ ಹಕ್ಕಿಗೆ ಟಿವಿಯವರು ಇಷ್ಟು ಹಣ ಸುರಿಯುವುದೇಕೆ?

ಟ್ರಂಪ್‌ಕಾರ್ಡ್ ಹರೀಶ (ಚರ್ಚೆ ಆರಂಭಿಸಿದವರು)

ಮೊದಲೇ ಹೇಳಿಬಿಡುತ್ತೇನೆ, ನಾನು ಹಳೆಯ ರೋಗಿ. ಹಾಸನದ ಶಾಲೆಯೊಂದರ ಹಿಂದಿನ ಬೆಂಚಿನಲ್ಲಿ ರೆಸ್ಲರುಗಳ ಟ್ರಂಪ್ ಕಾರ್ಡ್ ಆಡಿ ಬೆಳೆದವನು. ಹದಿಮೂರರ ಮಗ್ಗಿಗಿಂತ ಮೊದಲು ಅಂಡರ್‌ಟೇಕರ್‌ನ ಎತ್ತರ ಬಾಯಿಪಾಠವಾಗಿತ್ತು. ಆದ್ದರಿಂದ ಇದು ರೆಸ್ಲಿಂಗನ್ನು ಹೀಯಾಳಿಸುವ ಪ್ರಶ್ನೆಯಲ್ಲ. ಲೆಕ್ಕ ಹತ್ತದೆ ಕೇಳುತ್ತಿದ್ದೇನೆ.

ಅಮೆರಿಕದ ರೆಸ್ಲಿಂಗ್ ಕಂಪನಿ ಡಬ್ಲ್ಯುಡಬ್ಲ್ಯುಇಯ ಸೋಮವಾರದ ಕಾರ್ಯಕ್ರಮ 'ರಾ' ಅಲ್ಲಿ 1993ರ ಜನವರಿಯಿಂದ ನಡೆದುಕೊಂಡು ಬಂದಿದೆ. ಸ್ಟೋನ್ ಕೋಲ್ಡ್, ರಾಕ್ ಎಂಬ ತಾರೆಗಳಿದ್ದ 1999–2000ರ ಹೊತ್ತಿಗೆ ವಾರಕ್ಕೆ 60 ಲಕ್ಷ ದಾಟಿ ಜನ ನೋಡುತ್ತಿದ್ದರು. 2023ರಲ್ಲಿ ಅದು 17–18 ಲಕ್ಷದ ಆಸುಪಾಸಿಗೆ ಬಂದು ನಿಂತಿತ್ತು. ಈಗ ಬೆಲೆ ನೋಡಿ. 2019ರಿಂದ ಜಾರಿಗೆ ಬಂದ ಒಪ್ಪಂದದಲ್ಲಿ ಯುಎಸ್‌ಎ ನೆಟ್‌ವರ್ಕ್ ಎಂಬ ಕೇಬಲ್ ವಾಹಿನಿ 'ರಾ'ಗೆ ವರ್ಷಕ್ಕೆ ಸುಮಾರು 26.5 ಕೋಟಿ ಡಾಲರ್ ಕೊಟ್ಟಿತೆಂದು ವರದಿಯಾಯಿತು. ಅದೇ ವರ್ಷದಿಂದ ಶುಕ್ರವಾರದ ಕಾರ್ಯಕ್ರಮ 'ಸ್ಮ್ಯಾಕ್‌ಡೌನ್' ಅನ್ನು ಫಾಕ್ಸ್ ವಾಹಿನಿ ಐದು ವರ್ಷಕ್ಕೆ ನೂರು ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಂಡಿತು. 2024ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್ ಹತ್ತು ವರ್ಷಕ್ಕೆ 500 ಕೋಟಿ ಡಾಲರ್ ಮೀರಿದ ಒಪ್ಪಂದಕ್ಕೆ ಸಹಿ ಹಾಕಿತು. ಅದರಲ್ಲಿ ಅಮೆರಿಕದ 'ರಾ' ಅಲ್ಲದೆ ಹೊರದೇಶಗಳ ಹಕ್ಕುಗಳೂ ಸೇರಿವೆ, ನಿಜ. ಆದರೂ ಸಂತೆಗೆ ಬರುವ ಗಿರಾಕಿ ಮೂರನೇ ಒಂದು ಪಾಲಿಗೆ ಇಳಿದ ಮೇಲೆ ಟೊಮೆಟೊ ಬೆಲೆ ಏರಿದ್ದನ್ನು ನಾನಂತೂ ಕಂಡಿಲ್ಲ.

ಟಿವಿಯವರಿಗೆ ಬುದ್ಧಿ ಕೆಟ್ಟಿದೆಯೇ, ಅಥವಾ ನನಗೆ ಕಾಣದ್ದು ಏನಾದರೂ ಇದೆಯೇ?


ಸಂಶಯಾತ್ಮ

ಗೆಲ್ಲುವವರು ಯಾರೆಂದು ಮೊದಲೇ ಬರೆದಿಟ್ಟ ಆಟಕ್ಕೆ ಕ್ರೀಡೆಯ ದರ. ಬುದ್ಧಿ ಕೆಟ್ಟಿದೆ ಎಂಬ ನಿಮ್ಮ ಮೊದಲ ಊಹೆಯೇ ಸರಿ. ಚರ್ಚೆಯನ್ನು ಇಲ್ಲಿಗೇ ಮುಗಿಸಬಹುದು.


ಪದ್ಮಾ ಮೀಡಿಯಾ

ಮುಗಿಸುವುದು ಬೇಡ, ಈಗಷ್ಟೇ ಶುರುವಾಗಿದೆ. ನಾನು ಬೆಂಗಳೂರಿನಲ್ಲಿ ಜಾಹೀರಾತಿಗಾಗಿ ಟಿವಿ ಸಮಯ ಕೊಳ್ಳುವ ಕೆಲಸದಲ್ಲಿ ಹನ್ನೊಂದು ವರ್ಷ ಇದ್ದೆ. ಹರೀಶ್ ಅವರೇ, ನೀವು ಇಪ್ಪತ್ತೈದು ವರ್ಷದ ಹಿಂದಿನ 'ರಾ'ವನ್ನು ಇಂದಿನ 'ರಾ' ಜೊತೆ ತೂಗುತ್ತಿದ್ದೀರಿ. ಕೊಳ್ಳುವವರು ಹಾಗೆ ತೂಗುವುದಿಲ್ಲ. ಅವರು ಇಂದಿನ 'ರಾ'ವನ್ನು ಅದೇ ವಾಹಿನಿಯ ಇಂದಿನ ಉಳಿದ ಕಾರ್ಯಕ್ರಮಗಳ ಪಕ್ಕ ಇಟ್ಟು ನೋಡುತ್ತಾರೆ. ಆ ಉಳಿದವು ಇನ್ನೂ ಆಳದ ಬಾವಿಗೆ ಬಿದ್ದಿವೆ.

ಯುಎಸ್‌ಎ ನೆಟ್‌ವರ್ಕ್‌ನಲ್ಲಿ ಒಂದು ಕಾಲಕ್ಕೆ ಸ್ವಂತ ಧಾರಾವಾಹಿಗಳ ದೊಡ್ಡ ಸಾಲೇ ಇತ್ತು, ಜನ ವಾರವಾರ ಕಾದು ನೋಡುತ್ತಿದ್ದರು. ಆ ಜನ ಈಗ ಧಾರಾವಾಹಿಯನ್ನು ತಮಗೆ ಬೇಕಾದಾಗ ಬೇರೆ ಕಡೆ ನೋಡುತ್ತಾರೆ. ಪ್ರಸಾರದ ಸಮಯಕ್ಕೇ ಟಿವಿ ಮುಂದೆ ಕೂರಿಸುವುದು ನೇರಪ್ರಸಾರ ಮಾತ್ರ. 2023ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಜನ ನೋಡಿದ ನೂರು ಪ್ರಸಾರಗಳಲ್ಲಿ 93 ಎನ್‌ಎಫ್‌ಎಲ್ ಎಂಬ ಲೀಗಿನ ಅಮೆರಿಕನ್ ಫುಟ್‌ಬಾಲ್ ಪಂದ್ಯಗಳೇ ಆಗಿದ್ದವು. ಕಥೆ, ಹಾಸ್ಯ, ನೃತ್ಯ ಸ್ಪರ್ಧೆ ಎಲ್ಲವೂ ಸೇರಿ ಉಳಿದ ಏಳರಲ್ಲಿ ಜಾಗಕ್ಕಾಗಿ ಹೊಡೆದಾಡಬೇಕಾಯಿತು.

ಆ ಎನ್‌ಎಫ್‌ಎಲ್ ಕೊಳ್ಳಲು ವಾಹಿನಿಗಳು 2021ರಲ್ಲಿ ಹನ್ನೊಂದು ವರ್ಷಕ್ಕೆ ಒಪ್ಪಿದ ಒಟ್ಟು ಮೊತ್ತ ಸುಮಾರು 11,000 ಕೋಟಿ ಡಾಲರ್. ಆನೆ ಕೊಳ್ಳಲಾಗದವರು ಮುಂದೇನು ನೋಡುತ್ತಾರೆ? ನೇರಪ್ರಸಾರ ಆಗಿರಬೇಕು, ಯುವಕರು ನೋಡಬೇಕು, ಬೆಲೆ ಕೈಗೆಟುಕಬೇಕು. ಆ ಅಂಗಡಿಯಲ್ಲಿ ಹೆಚ್ಚು ಸರಕಿಲ್ಲ. ರೆಸ್ಲಿಂಗ್ ಅಲ್ಲಿದೆ.


ಲೆಕ್ಕದ ಮೇಷ್ಟ್ರು

"ಕೈಗೆಟುಕುವ ಬೆಲೆ" ಎಂದಿರಿ ಮೇಡಂ. ಪರೀಕ್ಷಿಸೋಣ. ನಾನು ನಿವೃತ್ತ ಗಣಿತ ಶಿಕ್ಷಕ, ರೆಸ್ಲಿಂಗ್ ಗೊತ್ತಿಲ್ಲ, ಮೊಮ್ಮಗ ನೋಡುತ್ತಾನೆ.

ಫಾಕ್ಸ್ ಕೊಟ್ಟದ್ದು ವರ್ಷಕ್ಕೆ 20.5 ಕೋಟಿ ಡಾಲರ್. ವಾರಕ್ಕೆ ಎರಡು ಗಂಟೆ, 52 ವಾರ, ನೋಡುವವರು 20 ಲಕ್ಷ ಎಂದು ಹಿಡಿಯಿರಿ. ಗುಣಿಸಿದರೆ 20.8 ಕೋಟಿ ವೀಕ್ಷಕ-ಗಂಟೆಗಳು. ಅಂದರೆ ಒಬ್ಬ ಮನುಷ್ಯ ಒಂದು ಗಂಟೆ ನೋಡಲು ಫಾಕ್ಸ್ ಹೆಚ್ಚುಕಡಿಮೆ ಒಂದು ಡಾಲರ್ ಕೊಟ್ಟಿತು. ಅಮೆಜಾನ್ ಗುರುವಾರದ ಎನ್‌ಎಫ್‌ಎಲ್ ಪಂದ್ಯಗಳಿಗೆ ವರ್ಷಕ್ಕೆ ಸುಮಾರು ನೂರು ಕೋಟಿ ಡಾಲರ್ ಕೊಡುತ್ತದೆ ಎಂದು ಓದಿದೆ. ಹದಿನೈದು ಪಂದ್ಯ, ತಲಾ ಮೂರು ಗಂಟೆ, ಸುಮಾರು 1.3 ಕೋಟಿ ವೀಕ್ಷಕರು. ಅಲ್ಲಿ ಗಂಟೆಗೆ 1.70 ಡಾಲರ್ ಬೀಳುತ್ತದೆ. ರೆಸ್ಲಿಂಗ್ ಅಗ್ಗವೇ ಸರಿ.

ಆದರೆ ಒಂದು ಡಾಲರ್ ವಾಪಸು ಬರುವುದು ಹೇಗೆ? ಗಂಟೆಗೆ ಹದಿನೈದು ನಿಮಿಷ ಜಾಹೀರಾತು ಎಂದರೆ ಅರ್ಧ ನಿಮಿಷದ ಮೂವತ್ತು ಜಾಹೀರಾತು. ಒಂದು ಡಾಲರ್ ಹುಟ್ಟಬೇಕಾದರೆ ಪ್ರತಿ ಸಾವಿರ ವೀಕ್ಷಕರಿಗೆ ಪ್ರತಿ ಜಾಹೀರಾತಿನಿಂದ 33 ಡಾಲರ್ ಬರಬೇಕು. ಪದ್ಮಾ ಅವರೇ, ರೆಸ್ಲಿಂಗ್‌ಗೆ ಅಷ್ಟು ಕೊಡುತ್ತಾರೆಯೇ?


ಪದ್ಮಾ ಮೀಡಿಯಾ

ಮೇಷ್ಟ್ರೇ, ನೀವು ನಮ್ಮ ಕಚೇರಿಯಲ್ಲಿ ಇರಬೇಕಿತ್ತು. ಕೊಡುವುದಿಲ್ಲ. ರೆಸ್ಲಿಂಗ್‌ನ ಹಳೆಯ ಶಾಪವೇ ಅದು. ವೀಕ್ಷಕರ ಸಂಖ್ಯೆಗೆ ತಕ್ಕ ಜಾಹೀರಾತು ದರ ಅದಕ್ಕೆ ಎಂದೂ ಸಿಕ್ಕಿಲ್ಲ. ಕಾರು ಮಾರುವವರಿಗೆ, ಬ್ಯಾಂಕಿನವರಿಗೆ ಈ ವೀಕ್ಷಕರ ಜೇಬಿನ ಮೇಲೆ ನಂಬಿಕೆ ಇರಲಿಲ್ಲ, ಕಾರ್ಯಕ್ರಮದ ನಡತೆಯ ಮೇಲೂ ಇರಲಿಲ್ಲ. 1999ರಲ್ಲಿ ಅಮೆರಿಕದ ಪೇರೆಂಟ್ಸ್ ಟೆಲಿವಿಷನ್ ಕೌನ್ಸಿಲ್ 'ಸ್ಮ್ಯಾಕ್‌ಡೌನ್' ವಿರುದ್ಧ ಚಳವಳಿ ನಡೆಸಿದಾಗ ಕೋಕಾ-ಕೋಲಾ ಸಹಿತ ಕೆಲವು ದೊಡ್ಡ ಜಾಹೀರಾತುದಾರರು ಹಿಂದೆ ಸರಿದರು. ರೆಸ್ಲಿಂಗ್ ಕಂಪನಿ ಆ ಕೌನ್ಸಿಲ್ ಮೇಲೆ ದಾವೆ ಹೂಡಿ 2002ರಲ್ಲಿ ಕ್ಷಮಾಪಣೆಯನ್ನೂ 35 ಲಕ್ಷ ಡಾಲರನ್ನೂ ಪಡೆದದ್ದು ನಿಜ. ಆದರೆ ಕೋರ್ಟಿನಲ್ಲಿ ಗೆದ್ದ ಮಾತ್ರಕ್ಕೆ ಸೋಪಿನ ಕಂಪನಿ ಜಾಹೀರಾತು ಕೊಡುವುದಿಲ್ಲವಲ್ಲ. 2008ರಲ್ಲಿ ರಕ್ತ, ಬೈಗುಳ, ಅರೆಬೆತ್ತಲೆ ಎಲ್ಲವನ್ನೂ ಕಡಿಮೆ ಮಾಡಿ ಮಕ್ಕಳೂ ನೋಡಬಹುದಾದ ದರ್ಜೆಗೆ ಬಂದರು. ಹಳೆಯ ಅಭಿಮಾನಿಗಳು ಇಂದಿಗೂ ಅದನ್ನು ಶಪಿಸುತ್ತಾರೆ. ಹಕ್ಕಿನ ಬೆಲೆ ಏರುವುದಕ್ಕೆ ಹಾದಿ ಸುಗಮವಾದದ್ದು ಅಲ್ಲಿಂದ ಎಂಬುದು ನನ್ನ ಅಂದಾಜು.

ಫಾಕ್ಸ್ ಐದು ವರ್ಷ ಮುಗಿದ ಮೇಲೆ ನವೀಕರಿಸಲಿಲ್ಲ ಎಂಬುದನ್ನು ಗಮನಿಸಿ. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ನೋಡುತ್ತಿದ್ದರೂ ಬಿಟ್ಟಿತು. ಶುಕ್ರವಾರ ರಾತ್ರಿಗೆ ಕಾಲೇಜು ಫುಟ್‌ಬಾಲ್ ತಂದುಕೊಂಡಿತು. ಬಿಟ್ಟದ್ದನ್ನು ಎತ್ತಿಕೊಂಡವರು ಯಾರು? ಮತ್ತೆ ಯುಎಸ್‌ಎ ನೆಟ್‌ವರ್ಕ್. ಐದು ವರ್ಷಕ್ಕೆ 140 ಕೋಟಿ ಡಾಲರ್, ಅಂದರೆ ಫಾಕ್ಸ್‌ಗಿಂತ ವರ್ಷಕ್ಕೆ ಏಳೆಂಟು ಕೋಟಿ ಹೆಚ್ಚು. ಒಂದೇ ಸರಕು, ಒಬ್ಬರಿಗೆ ದುಬಾರಿ, ಇನ್ನೊಬ್ಬರಿಗೆ ಅಲ್ಲ. ಆ ವ್ಯತ್ಯಾಸ ಎಲ್ಲಿಂದ ಬಂತು ಎಂದು ಅಮೆರಿಕದಲ್ಲಿ ಕೇಬಲ್ ಬಿಲ್ ಕಟ್ಟಿದವರು ಯಾರಾದರೂ ಹೇಳಲಿ.


ಎಡಿಸನ್ ಕನ್ನಡಿಗ

ಕರೆದಿರಿ, ಬಂದೆ. ನ್ಯೂಜೆರ್ಸಿಯಲ್ಲಿ ಹದಿನೆಂಟು ವರ್ಷ ಕೇಬಲ್ ಬಿಲ್ ಕಟ್ಟಿದ್ದೇನೆ. ರೆಸ್ಲಿಂಗ್ ಒಂದು ದಿನವೂ ನೋಡಿದವನಲ್ಲ. ಆದರೂ ಹದಿನೆಂಟು ವರ್ಷ ರೆಸ್ಲಿಂಗ್‌ಗೆ ದುಡ್ಡು ಕೊಟ್ಟಿದ್ದೇನೆ. ಇದೇ ನಿಮ್ಮ ಪ್ರಶ್ನೆಗೆ ಉತ್ತರ.

ಇಲ್ಲಿ ಕೇಬಲ್ ಎಂದರೆ ನೂರಾರು ವಾಹಿನಿಗಳ ಒಂದು ಗಂಟು. ಅದರಲ್ಲಿ ನಾನು ನೋಡುವುದು ಆರೋ ಏಳೋ. ಆದರೆ ಗಂಟಿನೊಳಗಿನ ಪ್ರತಿ ವಾಹಿನಿಗೂ ಕೇಬಲ್ ಕಂಪನಿ ಪ್ರತಿ ಮನೆಯ ಲೆಕ್ಕದಲ್ಲಿ ತಿಂಗಳಿಗೆ ಇಷ್ಟು ಎಂದು ಕೊಡಬೇಕು. ನಾನು ಆ ವಾಹಿನಿ ನೋಡಲಿ ಬಿಡಲಿ. ಯುಎಸ್‌ಎ ನೆಟ್‌ವರ್ಕ್‌ಗೆ ಮನೆಗೆ ತಿಂಗಳಿಗೆ ಒಂದು ಡಾಲರ್ ಎಂದೇ ಹಿಡಿಯೋಣ. ಏಳು ಕೋಟಿ ಮನೆ, ಹನ್ನೆರಡು ತಿಂಗಳು. ಮೇಷ್ಟ್ರು ಗುಣಿಸುವ ಮೊದಲು ನಾನೇ ಗುಣಿಸುತ್ತೇನೆ: 84 ಕೋಟಿ ಡಾಲರ್. ಒಂದೂ ಜಾಹೀರಾತು ಹಾಕದಿದ್ದರೂ ಬರುವ ಹಣ.

ಈಗ ವಾಹಿನಿಯ ಒಡೆಯನ ಜಾಗದಲ್ಲಿ ಕುಳಿತುಕೊಳ್ಳಿ. ಎರಡು ಮೂರು ವರ್ಷಕ್ಕೊಮ್ಮೆ ಕೇಬಲ್ ಕಂಪನಿ ಚೌಕಾಸಿಗೆ ಬರುತ್ತದೆ. "ನಿಮ್ಮ ವಾಹಿನಿಯನ್ನು ಯಾರು ನೋಡುತ್ತಾರೆ? ತೆಗೆದುಹಾಕುತ್ತೇವೆ" ಎನ್ನುತ್ತದೆ. ನಿಮ್ಮ ಬಳಿ ಬರೀ ಮರುಪ್ರಸಾರದ ಧಾರಾವಾಹಿ ಇದ್ದರೆ ಬಾಯಿ ಕಟ್ಟುತ್ತದೆ. ವಾರಕ್ಕೊಂದು ರಾತ್ರಿ ಹದಿನೈದು ಲಕ್ಷ ಜನ ತಪ್ಪದೆ ನೋಡುವ ಒಂದು ಕಾರ್ಯಕ್ರಮ ಇದ್ದರೆ, "ತೆಗೆದು ನೋಡಿ, ನಾಳೆ ಬೆಳಗ್ಗೆ ನಿಮ್ಮ ದೂರವಾಣಿ ಹೊತ್ತಿ ಉರಿಯುತ್ತದೆ" ಎಂದು ಎದ್ದು ಹೇಳಬಹುದು. 28 ಕೋಟಿ ಕೊಟ್ಟದ್ದು ರೆಸ್ಲಿಂಗ್‌ಗಲ್ಲ. ಆ 84 ಕೋಟಿಗೆ ಕಟ್ಟಿದ ವಿಮೆಯ ಕಂತು ಅದು.

ಫಾಕ್ಸ್‌ಗೆ ಆ ವಿಮೆ ಬೇಕಾಗಿರಲಿಲ್ಲ. ಅದರ ಬಳಿ ಎನ್‌ಎಫ್‌ಎಲ್ ಇದೆ, ಯಾವ ಕೇಬಲ್ ಕಂಪನಿಗೂ ಅದನ್ನು ತೆಗೆಯುವ ಧೈರ್ಯವಿಲ್ಲ. ಆದ್ದರಿಂದ ಅದು ಮೇಷ್ಟ್ರ ಹಾಗೆ ಜಾಹೀರಾತಿನ ಲೆಕ್ಕ ಹಾಕಿತು, ಗಿಟ್ಟಲಿಲ್ಲ, ಬಿಟ್ಟಿತು.


ಸಂಶಯಾತ್ಮ

ಇದು ಒಪ್ಪುವ ಮಾತು. ಆದರೆ ಗಂಟು ಬಿಚ್ಚಿಹೋಗುತ್ತಿದೆಯಲ್ಲ? ನಿಮ್ಮಂಥವರು ಕೇಬಲ್ ಬಿಡುತ್ತಿದ್ದಾರೆ. ಹತ್ತು ವರ್ಷದ ಹಿಂದೆ ಅಮೆರಿಕದಲ್ಲಿ ಸುಮಾರು ಹತ್ತು ಕೋಟಿ ಮನೆಗಳಲ್ಲಿ ಇಂಥ ಗಂಟು ಇತ್ತು. ಮನೆಗಳು ಕಡಿಮೆಯಾದಂತೆ ವಿಮೆಯ ಕಂತೂ ಇಳಿಯಬೇಕಿತ್ತು.


ಎಡಿಸನ್ ಕನ್ನಡಿಗ

ಮುಳುಗುವ ದೋಣಿಯಲ್ಲಿ ಹುಟ್ಟಿನ ಬೆಲೆ ಇಳಿಯುತ್ತದೆಯೇ, ಏರುತ್ತದೆಯೇ? ಮನೆಗಳು ಕಡಿಮೆಯಾದಷ್ಟೂ ಉಳಿದ ಮನೆಗಳನ್ನು ಹಿಡಿದುಕೊಳ್ಳುವ ಆತಂಕ ಹೆಚ್ಚು. ಯುಎಸ್‌ಎ ನೆಟ್‌ವರ್ಕ್‌ನ ಒಡೆಯ ಕಾಮ್‌ಕಾಸ್ಟ್ ತನ್ನ ಹೆಚ್ಚಿನ ಕೇಬಲ್ ವಾಹಿನಿಗಳನ್ನು ವರ್ಸಂಟ್ ಎಂಬ ಬೇರೆ ಕಂಪನಿಯಾಗಿ ಬೇರ್ಪಡಿಸಲು 2024ರಲ್ಲಿ ನಿರ್ಧರಿಸಿತು. ಹಿರಿಯ ಮಗನಿಗೆ ಮನೆಯ ಹಳೆಯ ಭಾಗ ಹಂಚಿಕೊಟ್ಟ ಹಾಗೆ. ಆ ಪಾಲಿನಲ್ಲಿ ಯುಎಸ್‌ಎ ನೆಟ್‌ವರ್ಕ್ ಹೋಯಿತು, ಅದರೊಡನೆ 'ಸ್ಮ್ಯಾಕ್‌ಡೌನ್' ಕೂಡ.

ಅಂದಹಾಗೆ ನಾನೂ ಕಳೆದ ವರ್ಷ ಕೇಬಲ್ ಬಿಟ್ಟೆ. ಈಗ ನೆಟ್‌ಫ್ಲಿಕ್ಸ್ ಚಂದಾ ಇದೆ. ಲೆಕ್ಕ ಹಾಕಿ ನೋಡಿದರೆ ಮತ್ತೆ ರೆಸ್ಲಿಂಗ್‌ಗೇ ದುಡ್ಡು ಕೊಡುತ್ತಿದ್ದೇನೆ. ಬೆನ್ನು ಬಿಡದ ಬೇತಾಳ.


ಕಟೀಲಿನ ಕಡೆಯವ

ತಡವಾಗಿ ಬಂದೆ, ಕ್ಷಮಿಸಿ. ನನಗೆ ಇದನ್ನು ಓದುತ್ತಾ ಯಕ್ಷಗಾನ ನೆನಪಾಯಿತು, ನಗಬೇಡಿ.

ನಮ್ಮ ಕಡೆ ಎರಡು ಬಗೆಯ ಮೇಳಗಳಿವೆ. ಡೇರೆ ಮೇಳ ಎಂದರೆ ಟೆಂಟು ಹಾಕಿ ಟಿಕೆಟ್ ಮಾರಿ ಆಡುವುದು. ಜನ ಬಂದರೆ ಊಟ, ಮಳೆ ಬಂದರೆ ಉಪವಾಸ. ಇನ್ನೊಂದು ಹರಕೆ ಮೇಳ. ಯಾರೋ ಒಬ್ಬ ಭಕ್ತರು ಹರಕೆ ಹೊತ್ತು ಆಟದ ಪೂರ್ತಿ ವೀಳ್ಯ ಕೊಡುತ್ತಾರೆ, ಊರಿನವರು ಬಿಟ್ಟಿಯಾಗಿ ನೋಡುತ್ತಾರೆ. ಕಟೀಲು ಮೇಳದ ಆಟಕ್ಕೆ ಹರಕೆ ಹೇಳಿಕೊಂಡವರು ವರ್ಷಗಟ್ಟಲೆ ಸರದಿ ಕಾಯಬೇಕು. ಟೆಂಟಿನ ಮೇಳಗಳು ಒಂದೊಂದಾಗಿ ಸೊರಗಿದವು, ಹರಕೆಯ ಮೇಳಗಳು ಬೆಳೆದವು. ಎದುರಿಗೆ ಕುಳಿತವರು ನೂರೋ ಸಾವಿರವೋ ಎಂಬುದು ಮೇಳದ ಹೊಟ್ಟೆಗೆ ಸಂಬಂಧವಿಲ್ಲದ ವಿಷಯವಾಯಿತು.

ರೆಸ್ಲಿಂಗಿನವರೂ ಡೇರೆಯಿಂದ ಹರಕೆಗೆ ದಾಟಿದ್ದಾರೆ ಅನ್ನಿಸುತ್ತದೆ. ದಾಟಿದ್ದು ಯಾವಾಗ ಎಂದು ಹರೀಶ ಹೇಳಬೇಕು.


ಟ್ರಂಪ್‌ಕಾರ್ಡ್ ಹರೀಶ

ನಗಲಿಲ್ಲ, ಎದ್ದು ಕುಳಿತೆ. ಪ್ರಶ್ನೆ ಕೇಳಿದವನು ನಾನೇ, ಉತ್ತರಕ್ಕೂ ನನ್ನನ್ನೇ ಎಳೆಯುತ್ತೀರಿ. ಆಗಲಿ.

1950ರ ಹೊತ್ತಿಗೆ ಅಮೆರಿಕದಲ್ಲಿ ಟಿವಿ ಎಳೆಗೂಸಾಗಿದ್ದಾಗ ರೆಸ್ಲಿಂಗ್ ಅದರ ಮುದ್ದಿನ ಕಾರ್ಯಕ್ರಮ. ಡುಮಾಂಟ್ ಎಂಬ ಜಾಲ ಚಿಕಾಗೋದಿಂದ ಪ್ರಸಾರ ಮಾಡುತ್ತಿತ್ತು. ಒಂದು ಅಂಕಣ, ಎರಡು ದೀಪ, ಒಂದೆರಡು ಕ್ಯಾಮೆರಾ ಸಾಕು, ಇಷ್ಟು ಅಗ್ಗವಾಗಿ ಎರಡು ಗಂಟೆ ತುಂಬುವ ಬೇರೆ ವಸ್ತು ಇರಲಿಲ್ಲ. ಆದರೆ ಪ್ರವರ್ತಕರಿಗೆ ಟಿವಿ ಒಂದು ಡಂಗುರ ಮಾತ್ರ. "ಮುಂದಿನ ಶನಿವಾರ ನಿಮ್ಮೂರಿಗೆ ಬರುತ್ತೇವೆ, ಟಿಕೆಟ್ ಕೊಳ್ಳಿ." ದುಡ್ಡು ಗೇಟಿನಲ್ಲಿ.

ಎಷ್ಟರಮಟ್ಟಿಗೆ ಎಂದರೆ, ಅವರೇ ಟಿವಿಗೆ ದುಡ್ಡು ಕೊಡುತ್ತಿದ್ದರು. 1984ರ ಜುಲೈ 14ರಂದು ಈಗಿನ ಡಬ್ಲ್ಯುಡಬ್ಲ್ಯುಇಯ ಆಗಿನ ಒಡೆಯ ವಿನ್ಸ್ ಮೆಕ್‌ಮಹೊನ್ ಜಾರ್ಜಿಯಾದ ರೆಸ್ಲಿಂಗ್ ಕಂಪನಿಯೊಂದರ ಪಾಲನ್ನು ಕೊಂಡು, ಟರ್ನರ್‌ನ ಟಿಬಿಎಸ್ ವಾಹಿನಿಯ ಶನಿವಾರ ಸಂಜೆಯ ಸಮಯವನ್ನು ತನ್ನದಾಗಿಸಿಕೊಂಡ. ದಕ್ಷಿಣದ ಪ್ರೇಕ್ಷಕರು ಸಿಟ್ಟಾಗಿ ಪತ್ರ ಬರೆದರು, ಅಭಿಮಾನಿಗಳ ಬಾಯಲ್ಲಿ ಆ ದಿನಕ್ಕೆ 'ಕರಾಳ ಶನಿವಾರ' ಎಂದೇ ಹೆಸರು. ಮರುವರ್ಷ ಆ ಸಮಯವನ್ನು ಅವನು ಜಿಮ್ ಕ್ರಾಕೆಟ್ ಎಂಬವನ ಎದುರಾಳಿ ರೆಸ್ಲಿಂಗ್ ಕಂಪನಿಗೆ ಹತ್ತು ಲಕ್ಷ ಡಾಲರಿಗೆ ಮಾರಿದ. ಅಂದರೆ ಟಿವಿಯಲ್ಲಿ ಕಾಣಿಸಿಕೊಳ್ಳಲು ರೆಸ್ಲಿಂಗಿನವರು ಹತ್ತು ಲಕ್ಷ ಕೊಟ್ಟ ಕಾಲ ಅದು. ಆಮೇಲೆ ಹಣ ಕೊಟ್ಟು ಮನೆಯಲ್ಲೇ ನೋಡುವ ದೊಡ್ಡ ಪ್ರದರ್ಶನಗಳು ಬಂದವು, 2014ರ ಫೆಬ್ರವರಿಯಲ್ಲಿ ತಿಂಗಳಿಗೆ 9.99 ಡಾಲರಿನ ಸ್ವಂತ ಜಾಲ ಬಂತು. ಅವೆಲ್ಲ ಡೇರೆಯ ಬೇರೆ ಬೇರೆ ರೂಪಗಳೇ, ನೋಡುವವನೇ ಕೊಡಬೇಕು.

ಹರಕೆಗೆ ದಾಟಿದ ದಿನ ಬೇಕೆಂದರೆ, ನನ್ನ ಮಟ್ಟಿಗೆ ಅದು 2020. ಮಾರ್ಚ್‌ನಲ್ಲಿ ಕೋವಿಡ್ ಬಂದು ಕ್ರೀಡಾಂಗಣಗಳು ಮುಚ್ಚಿದವು. ಒರ್ಲಾಂಡೊದ ತರಬೇತಿ ಕೇಂದ್ರದಲ್ಲಿ ಖಾಲಿ ಕುರ್ಚಿಗಳ ಮುಂದೆ ಆಡಿದರು. ಒಬ್ಬ ಪ್ರೇಕ್ಷಕನೂ ಇಲ್ಲದೆ ಜಾನ್ ಸೀನಾ ಕೈ ಬೀಸುವುದನ್ನು ನೋಡಿ ನನಗೆ ಅಳು ಬರುವಂತಾಗಿತ್ತು. ವರ್ಷ ಮುಗಿದ ಮೇಲೆ ಲೆಕ್ಕಪತ್ರ ಬಂತು. ಆದಾಯ 97.4 ಕೋಟಿ ಡಾಲರ್, ಅಲ್ಲಿಯವರೆಗಿನ ದಾಖಲೆ. ಲಾಭ ಹಿಂದಿನ ವರ್ಷದ 7.7 ಕೋಟಿಯಿಂದ 13 ಕೋಟಿ ಮೀರಿತ್ತು. ಒಂದು ಟಿಕೆಟೂ ಮಾರದ ತಿಂಗಳುಗಳವು. ಎದುರಿಗೆ ಯಾರೂ ಇಲ್ಲದಿದ್ದರೂ ಆಟ ನಡೆಯಿತು, ವೀಳ್ಯ ಬಂತು.


ಲೆಕ್ಕದ ಮೇಷ್ಟ್ರು

ಇದು ಸೊಗಸಾದ ಉದಾಹರಣೆ. ಪ್ರವಾಸದ ಖರ್ಚು ಉಳಿದದ್ದೂ ಲಾಭಕ್ಕೆ ಸೇರಿರುತ್ತದೆ, ಅದನ್ನು ಮರೆಯಬೇಡಿ.


ಮಂಡ್ಯದ ಮಂಜುಳಾ

ಮತ್ತೂ ಒಂದನ್ನು ಮರೆತಿದ್ದೀರಿ. ದಾಖಲೆ ಲಾಭದ ಆ ವರ್ಷದ ಏಪ್ರಿಲ್‌ನಲ್ಲೇ ಹಲವು ಆಟಗಾರರನ್ನು ಕೆಲಸದಿಂದ ತೆಗೆದರು. ಎನ್‌ಬಿಎಯಲ್ಲಿ ಸಂಘದ ಒಪ್ಪಂದದ ಪ್ರಕಾರ ಬ್ಯಾಸ್ಕೆಟ್‌ಬಾಲ್ ಸಂಬಂಧಿ ಆದಾಯದ ಹೆಚ್ಚುಕಡಿಮೆ ಅರ್ಧ ಆಟಗಾರರಿಗೆ ಹೋಗುತ್ತದೆ. ರೆಸ್ಲಿಂಗಿನಲ್ಲಿ ಸಂಘವೂ ಇಲ್ಲ, ಅಂಥ ಪಾಲೂ ಇಲ್ಲ. ಕಾಗದದ ಮೇಲೆ ಅವರು ನೌಕರರೇ ಅಲ್ಲ, ಸ್ವತಂತ್ರ ಗುತ್ತಿಗೆದಾರರು. ವರ್ಷವಿಡೀ ಒಬ್ಬನೇ ಯಜಮಾನ, ಅವನು ಹೇಳಿದ ಊರು, ಅವನು ಇಟ್ಟ ಹೆಸರು. ಇದು ಯಾವ ಸ್ವಾತಂತ್ರ್ಯವೋ.

ಬೆಲೆ ಏರಿಕೆಯ ಚರ್ಚೆಗೆ ಇದು ಹೊರಗಿನದಲ್ಲ. ಕೊಳ್ಳುವವನಿಗೆ ಇಷ್ಟು ನಂಬಿಕೆಯ ಸರಕು ಬೇರೆ ಎಲ್ಲಿ ಸಿಗುತ್ತದೆ? 2023ರಲ್ಲಿ ಹಾಲಿವುಡ್‌ನ ಬರಹಗಾರರೂ ನಟರೂ ತಿಂಗಳುಗಟ್ಟಲೆ ಮುಷ್ಕರ ಹೂಡಿದಾಗ ಹೆಚ್ಚಿನ ಧಾರಾವಾಹಿಗಳು ನಿಂತವು. ಸೋಮವಾರದ 'ರಾ' ನಿಲ್ಲಲಿಲ್ಲ. ಕೋವಿಡ್‌ನಲ್ಲೂ ನಿಲ್ಲಲಿಲ್ಲ, ಮುಷ್ಕರದಲ್ಲೂ ನಿಲ್ಲಲಿಲ್ಲ. ಆ ನಂಬಿಕೆಗೆ ಯಾರ ಮೈಕೈ ಒತ್ತೆಯಾಗಿದೆ ಎಂದೂ ಕೇಳಬೇಕು.


ಪದ್ಮಾ ಮೀಡಿಯಾ

ಮಂಜುಳಾ ಅವರ ಮಾತು ಮುಖ್ಯ, ಕೊಳ್ಳುವವರ ಕೋಣೆಯಲ್ಲಿ ಅದನ್ನು ಯಾರೂ ಎತ್ತುವುದಿಲ್ಲ ಎಂಬುದೂ ನಿಜ. ಅಲ್ಲಿ ನಡೆಯುವ ಮಾತು ಬೇರೆ. ಎನ್‌ಎಫ್‌ಎಲ್ ಸೆಪ್ಟೆಂಬರಿನಿಂದ ಫೆಬ್ರವರಿವರೆಗೆ. ಮುಂದಿನ ಆರೇಳು ತಿಂಗಳು ಪರದೆಯಲ್ಲಿ ಏನು ಹಾಕುತ್ತೀರಿ? ರೆಸ್ಲಿಂಗ್‌ಗೆ ರಜೆಯೇ ಇಲ್ಲ, 52 ವಾರ. ಪಂದ್ಯ ಬೇಗ ಮುಗಿದು ಜಾಹೀರಾತು ಉಳಿದುಹೋಗುವ ಭಯವಿಲ್ಲ. ಟೆಸ್ಟ್ ಪಂದ್ಯ ಎರಡೂವರೆ ದಿನಕ್ಕೆ ಮುಗಿದರೆ ನಮ್ಮ ಕಚೇರಿಯಲ್ಲಿ ಸೂತಕದ ಕಳೆ ಇರುತ್ತಿತ್ತು. ಇಲ್ಲಿ ಅರ್ಧ ನಿಮಿಷ ಹೆಚ್ಚು ಬೇಕೆಂದರೆ ತೀರ್ಪುಗಾರನ ಕಿವಿಯಲ್ಲಿ ಹೇಳಿದರೆ ಸಾಕು. ಚಿತ್ರೀಕರಣದ ಖರ್ಚೂ ಅವರದೇ. ಲೀಗ್ ಎಂದರೆ ಮೂವತ್ತು ಒಡೆಯರು, ಇಲ್ಲಿ ಒಬ್ಬನೇ. ದೂರವಾಣಿ ಒಂದೇ ಸಲ ಮಾಡಿದರೆ ಆಯಿತು.

ನೆಟ್‌ಫ್ಲಿಕ್ಸ್ ಹಣ ಕೊಟ್ಟದ್ದು ಇದಕ್ಕೆ. ಅವರ ತಲೆನೋವೆಂದರೆ ಒಂದು ತಿಂಗಳ ಚಂದಾ ಕಟ್ಟಿ, ಎಂಟು ಕಂತು ಒಂದೇ ವಾರಾಂತ್ಯದಲ್ಲಿ ನುಂಗಿ, ರದ್ದು ಮಾಡಿ ಹೋಗುವವರು. ವಾರವಾರ ಬರುವ, ಎಂದೂ ಮುಗಿಯದ ಕಥೆಯಿದ್ದರೆ ರದ್ದು ಮಾಡಲು ಸರಿಯಾದ ದಿನವೇ ಸಿಗುವುದಿಲ್ಲ. 2025ರ ಜನವರಿ 6ರಂದು ಅಲ್ಲಿ ಮೊದಲ 'ರಾ' ಬಂದಾಗ ಜಗತ್ತಿನಾದ್ಯಂತ 49 ಲಕ್ಷ ವೀಕ್ಷಣೆ ಎಂದು ಅವರೇ ಘೋಷಿಸಿದರು. ಅವರ ಎಣಿಕೆಯ ಕ್ರಮ ಬೇರೆ, ಹಳೆಯ ಟಿವಿ ಅಂಕಿಯ ಪಕ್ಕ ಇಟ್ಟು ನೋಡಬಾರದು.


ಸಂಶಯಾತ್ಮ

ಹಾಗಾದರೆ ಕ್ರೀಡೆ ಎಂಬ ಹೆಸರು ಏಕೆ? 2025ರಲ್ಲಿ ಇಎಸ್‌ಪಿಎನ್ ಕೂಡ ದೊಡ್ಡ ಪ್ರದರ್ಶನಗಳಿಗೆ ಐದು ವರ್ಷಕ್ಕೆ 160 ಕೋಟಿ ಡಾಲರ್ ಕೊಡಲು ಒಪ್ಪಿತು. ಅದು ಕ್ರೀಡಾವಾಹಿನಿ ಅಲ್ಲವೇ? ತೀರ್ಪುಗಾರನ ಕಿವಿಯಲ್ಲಿ ಹೇಳಿ ಮುಗಿಸುವುದು ಯಾವ ಕ್ರೀಡೆ?


ಟ್ರಂಪ್‌ಕಾರ್ಡ್ ಹರೀಶ

ಇದಕ್ಕೊಂದು ಹಳೆಯ ತಮಾಷೆ ಇದೆ. 1989ರಲ್ಲಿ ನ್ಯೂಜೆರ್ಸಿಯ ಶಾಸಕರ ಮುಂದೆ ಕಂಪನಿಯವರೇ ಬಂದು, ಇದು ಕ್ರೀಡೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡರು. ಕ್ರೀಡಾ ಆಯೋಗದ ನಿಯಂತ್ರಣ, ತೆರಿಗೆ ಎರಡೂ ತಪ್ಪಲಿ ಎಂಬ ಕಾರಣಕ್ಕೆ. ಸರ್ಕಾರದ ಮುಂದೆ ನಾಟಕ ಎನ್ನಿ, ವಾಹಿನಿಯ ಮುಂದೆ ಕ್ರೀಡೆ ಎನ್ನಿ. ಈಗಂತೂ 2023ರ ಸೆಪ್ಟೆಂಬರಿನಿಂದ ಯುಎಫ್‌ಸಿಯ ಜೊತೆ ಟಿಕೆಒ ಎಂಬ ಒಂದೇ ಕಂಪನಿಯಾಗಿ ಮಾರುತ್ತಿದ್ದಾರೆ. ನಿಜವಾದ ಹೊಡೆದಾಟ ಒಂದು ಕೈಯಲ್ಲಿ, ಬರೆದ ಹೊಡೆದಾಟ ಇನ್ನೊಂದರಲ್ಲಿ, ಎರಡಕ್ಕೂ ಒಂದೇ ಅಂಗಡಿ.

ಆದರೆ ಈ ಹೆಸರಿನ ಆಟ ಮೊದಲು ಗಿಟ್ಟಿರಲಿಲ್ಲ. ಕ್ರೀಡೆಯ ದರ ಸಿಗುತ್ತದೆ ಎಂದು ಮೆಕ್‌ಮಹೊನ್ 2014ರಲ್ಲಿ ಷೇರುದಾರರಿಗೆ ಆಸೆ ಹುಟ್ಟಿಸಿದ್ದ. ಹೂಡಿಕೆದಾರರು ನಿರೀಕ್ಷಿಸಿದ್ದಕ್ಕಿಂತ ಬಹಳ ಕಡಿಮೆಗೆ ಒಪ್ಪಂದವಾಯಿತು. ಮೇ 16ರ ಒಂದೇ ದಿನದಲ್ಲಿ ಷೇರು ಬೆಲೆ ನೂರಕ್ಕೆ ನಲವತ್ತಕ್ಕೂ ಹೆಚ್ಚು ಕುಸಿಯಿತು. ನಾಲ್ಕೇ ವರ್ಷದಲ್ಲಿ ಅದೇ ಸರಕಿಗೆ ಫಾಕ್ಸ್ ಸಾಲಿನಲ್ಲಿ ಬಂದು ನಿಂತಿತು. ರೆಸ್ಲಿಂಗ್ ಬದಲಾಗಿರಲಿಲ್ಲ, ಕೊಳ್ಳುವವರ ಹೆದರಿಕೆ ಬೆಳೆದಿತ್ತು. ಫಾಕ್ಸ್ ತನ್ನ ಸಿನಿಮಾ, ಧಾರಾವಾಹಿ ಘಟಕಗಳನ್ನು ಡಿಸ್ನಿಗೆ ಮಾರಲು ಹೊರಟು ಕೈ ಖಾಲಿ ಮಾಡಿಕೊಳ್ಳುತ್ತಿತ್ತು.


ನೈಟ್ರೊ ನಾಗರಾಜ

ನನ್ನ ಹೆಸರು ನೋಡಿದರೆ ಗೊತ್ತಾಗಬೇಕು, ನಾನು ಸೋತ ಪಕ್ಷದವನು. ಡಬ್ಲ್ಯುಸಿಡಬ್ಲ್ಯು, ಟರ್ನರ್ ಒಡೆತನದ ಎದುರಾಳಿ ರೆಸ್ಲಿಂಗ್ ಕಂಪನಿ. ಸ್ಟಿಂಗ್, ಗೋಲ್ಡ್‌ಬರ್ಗ್ ಅದರ ತಾರೆಗಳು. ಈ ಎಲ್ಲ ಲೆಕ್ಕ ಓದಿ ಹೊಟ್ಟೆ ಉರಿಯುತ್ತಿದೆ.

1995ರ ಸೆಪ್ಟೆಂಬರಿನಿಂದ ಟಿಎನ್‌ಟಿ ವಾಹಿನಿಯಲ್ಲಿ ಸೋಮವಾರದ 'ನೈಟ್ರೊ' ಬರುತ್ತಿತ್ತು. 2001ರಲ್ಲಿ ಟರ್ನರ್ ಕಂಪನಿ ಎಒಎಲ್ ಟೈಮ್ ವಾರ್ನರ್‌ನ ಭಾಗವಾದ ಮೇಲೆ ಹೊಸ ಅಧಿಕಾರಿ ಜೇಮಿ ಕೆಲ್ನರ್ ತನ್ನ ವಾಹಿನಿಗಳಲ್ಲಿ ರೆಸ್ಲಿಂಗ್ ಬೇಡ ಎಂದುಬಿಟ್ಟ. ನಷ್ಟ ಭಾರಿ ಇತ್ತು, ಒಪ್ಪುತ್ತೇನೆ. ಕಾರ್ಯಕ್ರಮವೂ ಹಳಸಿತ್ತು, ಅದನ್ನೂ ಒಪ್ಪುತ್ತೇನೆ. ಆದರೂ ಮಾರ್ಚ್ 26ರ ಕೊನೆಯ ಕಂತನ್ನು 2023ರಲ್ಲಿ 'ರಾ' ನೋಡುತ್ತಿದ್ದವರಿಗಿಂತ ಹೆಚ್ಚು ಜನ ಅಮೆರಿಕದಲ್ಲಿ ನೋಡಿದರು. ಟಿವಿ ಸಮಯವಿಲ್ಲದ ಕಂಪನಿಗೆ ಬೆಲೆ ಎಲ್ಲಿ? ಹೆಸರು, ಹಳೆಯ ಟೇಪುಗಳ ಇಡೀ ಭಂಡಾರ, ಎಲ್ಲ ಸೇರಿ ಐವತ್ತು ಲಕ್ಷ ಡಾಲರಿಗೂ ಕಡಿಮೆಗೆ ಎದುರಾಳಿ ಮೆಕ್‌ಮಹೊನ್ ಕೈಗೆ ಹೋಯಿತು.

ಈಗ ಮುಂದಿನದು ಕೇಳಿ. ಅದೇ ಟಿಎನ್‌ಟಿ 2019ರ ಅಕ್ಟೋಬರಿನಲ್ಲಿ ಎಇಡಬ್ಲ್ಯು ಎಂಬ ಹೊಸ ಕಂಪನಿಯ 'ಡೈನಮೈಟ್' ಶುರುಮಾಡಿತು. 2024ರ ಅಕ್ಟೋಬರಿನಲ್ಲಿ ಟಿಎನ್‌ಟಿಯ ಒಡೆಯ ವಾರ್ನರ್ ಬ್ರದರ್ಸ್ ಡಿಸ್ಕವರಿ ಎಇಡಬ್ಲ್ಯು ಒಪ್ಪಂದವನ್ನು ನವೀಕರಿಸಿದಾಗ ವರದಿಯಾದ ಮೊತ್ತ ವರ್ಷಕ್ಕೆ ಸುಮಾರು 18.5 ಕೋಟಿ ಡಾಲರ್. 'ಡೈನಮೈಟ್' ನೋಡುವವರು ಆಗ ಆರೇಳು ಲಕ್ಷ. ಅಂದು ಹಲವು ಪಟ್ಟು ಜನ ನೋಡುತ್ತಿದ್ದುದನ್ನು ಬೀದಿಗೆ ಎಸೆದರು, ಇಂದು ಏಳು ಲಕ್ಷಕ್ಕೆ ಹದಿನೆಂಟು ಕೋಟಿ.


ಪದ್ಮಾ ಮೀಡಿಯಾ

ನಾಗರಾಜ್ ಅವರೇ, ಆ ನವೀಕರಣದ ತಿಂಗಳು ನೋಡಿ. 2024ರ ಜುಲೈನಲ್ಲಿ ಎನ್‌ಬಿಎ ಹನ್ನೊಂದು ವರ್ಷದ ಹಕ್ಕನ್ನು ಸುಮಾರು 7,700 ಕೋಟಿ ಡಾಲರಿಗೆ ಡಿಸ್ನಿ, ಎನ್‌ಬಿಸಿ, ಅಮೆಜಾನ್‌ಗೆ ಕೊಟ್ಟಿತು. ಟಿಎನ್‌ಟಿಗೆ ದಶಕಗಳ ಬ್ಯಾಸ್ಕೆಟ್‌ಬಾಲ್ ತಪ್ಪಿತು. ಕೇಬಲ್ ಕಂಪನಿಯವರು ಚೌಕಾಸಿಗೆ ಬಾಗಿಲು ತಟ್ಟುತ್ತಿದ್ದಾರೆ, ಕೈಯಲ್ಲಿ ಏನೂ ಇಲ್ಲ. ಮೂರು ತಿಂಗಳಲ್ಲಿ ಎಇಡಬ್ಲ್ಯುಗೆ ಸಹಿ. ಎಡಿಸನ್‌ನವರು ಹೇಳಿದ ವಿಮೆ ಎಂದರೆ ಇದೇ.


ಲೆಕ್ಕದ ಮೇಷ್ಟ್ರು

ಏಳು ಲಕ್ಷ, ವಾರಕ್ಕೆ ಎರಡು ಗಂಟೆ. ಶನಿವಾರವೂ ಇನ್ನೊಂದು ಕಾರ್ಯಕ್ರಮ ಇದೆ ಎಂದು ಮೊಮ್ಮಗ ಹೇಳುತ್ತಾನೆ, ಅದಕ್ಕೆ ಐದು ಲಕ್ಷ ಎಂದು ಹಿಡಿಯುತ್ತೇನೆ. ವರ್ಷಕ್ಕೆ 12.5 ಕೋಟಿ ವೀಕ್ಷಕ-ಗಂಟೆ. ಗಂಟೆಗೆ 1.48 ಡಾಲರ್. ಫಾಕ್ಸ್ ಕೊಟ್ಟದ್ದಕ್ಕಿಂತ ಅರ್ಧದಷ್ಟು ಹೆಚ್ಚು, ಎನ್‌ಎಫ್‌ಎಲ್‌ಗೆ ಬಹಳ ದೂರವಿಲ್ಲ! ಒಮ್ಮೆ ತಪ್ಪಾಯಿತೇನೋ ಎಂದು ಎರಡು ಸಲ ಮಾಡಿದೆ. ಹೆದರಿದವನ ಮನೆಯಲ್ಲಿ ದರ ಹೆಚ್ಚು.


ಮಂಡ್ಯದ ಮಂಜುಳಾ

ನಮ್ಮ ದೇಶದಲ್ಲಿ ಇದು ಹೇಗೆ? 2002ರಿಂದ ಟೆನ್ ಸ್ಪೋರ್ಟ್ಸ್, ಆಮೇಲೆ ಅದನ್ನು ಕೊಂಡ ಸೋನಿಯ ವಾಹಿನಿಗಳು, 2025ರ ಏಪ್ರಿಲ್‌ನಿಂದ ನೆಟ್‌ಫ್ಲಿಕ್ಸ್. ನಮ್ಮ ತಂದೆ ಕೇಬಲ್‌ನಲ್ಲಿ ಬರುವಷ್ಟು ಕಾಲ ತಪ್ಪದೆ ನೋಡುತ್ತಿದ್ದರು. ಖಲಿ 2007ರಲ್ಲಿ ವಿಶ್ವ ಚಾಂಪಿಯನ್ ಆದಾಗ ಬೀದಿಗೆ ಪೇಡೆ ಹಂಚಿದವರು. ಈಗ ಮೊಬೈಲಿನಲ್ಲಿ ಹಾಕಿಕೊಡುತ್ತೇನೆ ಎಂದರೆ, "ಅದರಲ್ಲಿ ಮನುಷ್ಯರು ಗೊಂಬೆಯಷ್ಟು ಕಾಣುತ್ತಾರೆ" ಎಂದು ಬೇಡವೆನ್ನುತ್ತಾರೆ.


ಪದ್ಮಾ ಮೀಡಿಯಾ

ನಿಮ್ಮ ತಂದೆಯಂಥವರು ಹೋಗುತ್ತಾರೆಂದು ಕೊಳ್ಳುವವರಿಗೂ ಮಾರುವವರಿಗೂ ಗೊತ್ತಿತ್ತು. ಇಲ್ಲಿ ಕೇಬಲ್ ಗಂಟಿನ ದರ ಅಮೆರಿಕದ್ದಲ್ಲ, ಒಂದು ವಾಹಿನಿಗೆ ಮನೆಗೆ ಸಿಗುವುದು ರೂಪಾಯಿಗಳಲ್ಲಿ. ಅಪಾರ ಜನ ನೋಡಿದರೂ ವಿಮೆಯ ಕಂತು ಸಣ್ಣದು. ಕಟೀಲಿನವರ ಮಾತಿನಲ್ಲಿ ಹೇಳುವುದಾದರೆ ನಮ್ಮಲ್ಲಿ ಜನ ಹೆಚ್ಚು, ಹರಕೆ ಹೊತ್ತವರು ಬಡವರು.


ಕಟೀಲಿನ ಕಡೆಯವ

ಹರಕೆಯಲ್ಲೂ ಒಂದು ತೊಡಕಿದೆ. ಟಿಕೆಟ್ ಕೊಂಡವನು ಆಟ ಕೆಟ್ಟರೆ ಎದ್ದು ಹೋಗುತ್ತಾನೆ, ಭಾಗವತರಿಗೆ ಮರುದಿನವೇ ತಿಳಿಯುತ್ತದೆ. ಹರಕೆಯವರು ಆಟ ಹೇಗಿತ್ತು ಎಂದು ಕೇಳುವುದೇ ಕಡಿಮೆ. ಹತ್ತು ವರ್ಷದ ಒಪ್ಪಂದ ಕೈಯಲ್ಲಿರುವಾಗ ಕಥೆ ಬರೆಯುವವರಿಗೆ ಮೈಗಳ್ಳತನ ಬಾರದೇ?


ಟ್ರಂಪ್‌ಕಾರ್ಡ್ ಹರೀಶ

ಬಂದಿತ್ತು. 2019ರಿಂದ 2021ರವರೆಗಿನ 'ರಾ' ನೋಡಿದವನ ನೋವು ನೋಡಿದವನಿಗೇ ಗೊತ್ತು. ಮೂರು ಗಂಟೆ, ಅದರಲ್ಲಿ ಅರ್ಧ ತುಂಬುಸಾಮಾನು. ಹಣ ಬಂದು ಬಿದ್ದಿದ್ದರಿಂದ ಯಾರಿಗೂ ಅವಸರವಿರಲಿಲ್ಲ ಎಂದು ನನಗೆ ಆಗಲೂ ಅನ್ನಿಸಿತ್ತು. ಅದಕ್ಕೊಂದು ಹೆಸರು ಕೊಟ್ಟಿರಿ ನೀವು.

ಆದರೆ ನೆಟ್‌ಫ್ಲಿಕ್ಸ್ ಒಪ್ಪಂದದಲ್ಲಿ ಒಂದು ಸಣ್ಣ ಸಾಲಿದೆ. ಐದು ವರ್ಷವಾದ ಮೇಲೆ ಬೇಡವೆನಿಸಿದರೆ ಅವರು ಹೊರಬರಬಹುದು. ಅಂದರೆ 2029ರ ಕೊನೆ. ಅಷ್ಟು ಹೊತ್ತಿಗೆ ಕೇಬಲ್ ಗಂಟು ಪೂರ್ತಿ ಬಿಚ್ಚಿಹೋಗಿದ್ದರೆ ಹೆದರಿ ಕೊಡುವ ಹಳೆಯ ಗಿರಾಕಿ ಯಾರೂ ಉಳಿದಿರುವುದಿಲ್ಲ. ಅವರು ಉಳಿಯುತ್ತಾರೆ ಎಂದು ನಾನು ಒಂದು ಪ್ಲೇಟ್ ಮಸಾಲೆ ದೋಸೆ ಪಣಕ್ಕಿಡುತ್ತೇನೆ.


ಸಂಶಯಾತ್ಮ

ಹೊರಬರುತ್ತಾರೆ ಎಂದು ನನ್ನದು ಎರಡು ಪ್ಲೇಟ್. ಫಲಿತಾಂಶ ಮೊದಲೇ ಬರೆದಿಟ್ಟಿಲ್ಲ ತಾನೇ?


ಲೆಕ್ಕದ ಮೇಷ್ಟ್ರು

ಇಬ್ಬರ ಪಣವನ್ನೂ ಡೈರಿಯಲ್ಲಿ ಬರೆದುಕೊಂಡಿದ್ದೇನೆ. 2029ರ ಡಿಸೆಂಬರಿನಲ್ಲಿ ನಾನಿಲ್ಲದಿದ್ದರೆ ಮೊಮ್ಮಗ ವಸೂಲು ಮಾಡುತ್ತಾನೆ.